ಗ್ರಾಫಿಕ್ಸ್ ಕಾರ್ಡೂ ಅವ್ವನ ಬನ್ನಿಯೂ

ಈಗೀಗ ನನಗೊಂದು ಚಟ ಹತ್ತಿದೆ. ಬೆಳಿಗ್ಗೆ ಚಹಾ ಕುಡಿದು ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಎಲ್ಲರಂತೆ ಪರದೆ ನೋಡುವುದಿಲ್ಲ. ಮೇಜಿನ ಕೆಳಗೆ ಬಗ್ಗಿ, ಆ ಕರಿ ಡಬ್ಬಿಗೆ ಕಿವಿ ಹಚ್ಚಿ ಕೂರುತ್ತೇನೆ. ಒಳಗೆ ಫ್ಯಾನು ಒಮ್ಮೆ ಗಿರ್ರೆಂದು ತಿರುಗಿ ಒಂದು ಹದಕ್ಕೆ ಬರುವವರೆಗೂ ನನ್ನ ಮೇಲಿನ ಉಸಿರು ಮೇಲೆ, ಕೆಳಗಿನದು ಕೆಳಗೆ. "ಏನಬೇ, ಕಾವಿಗೆ ಕುಂತ ಕೋಳಿ ಹಂಗ ಯಾಕ ಕುಂತೀ?" ಎಂದು ಅವ್ವ ದಿನಾ ನಗುತ್ತಾಳೆ. ನಗಲಿ ಬಿಡಿ. ಈ ಚಟ ಹತ್ತಿದ್ದೇ ಆಕೆಯ ದೆಸೆಯಿಂದ ಎಂಬುದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ಊರು ಮಸ್ಕಿ. ನಾನು, ಅವ್ವ, ಒಂದು ಕಂಪ್ಯೂಟರು, ಇಷ್ಟೇ ನಮ್ಮ ಸಂಸಾರ. ಮದುವೆ ವಿಡಿಯೊಗಳ ಮಿಕ್ಸಿಂಗ್ ನನ್ನ ಕಸುಬು. ಸಿಂಧನೂರು, ಲಿಂಗಸುಗೂರಿನ ಸ್ಟುಡಿಯೊದವರು ಮದುವೆಗಳಿಗೆ ಹೋಗಿ ಕ್ಯಾಮೆರಾ ತುಂಬಿಸಿಕೊಂಡು ಬಂದು ನನ್ನ ಮುಂದೆ ಸುರಿಯುತ್ತಾರೆ. ನಾನು ಅದನ್ನು ಜೋಳ ಹಸನು ಮಾಡಿದಂತೆ ಆರಿಸಿ, ಕೇರಿ, ಕತ್ತರಿಸಿ, ಜೋಡಿಸಿ, ಮೇಲೊಂದು ಹಾಡು ಹಾಕಿ, ಮದುಮಗಳ ತಲೆಯ ಮೇಲೆ ಇಲ್ಲದ ಗುಲಾಬಿ ಪಕಳೆ ಉದುರಿಸಿ, ಪೆನ್‌ಡ್ರೈವಿಗೆ ತುಂಬಿ ಕೊಡುತ್ತೇನೆ. ಮದುವೆಯಲ್ಲಿ ಬೀಗರು ಎಷ್ಟೇ ಜಗಳಾಡಿರಲಿ, ನನ್ನ ವಿಡಿಯೊದಲ್ಲಿ ನಗುತ್ತಲೇ ಇರುತ್ತಾರೆ.

ಈ ಕೆಲಸದಿಂದಾಗಿ ನಮ್ಮ ಸುತ್ತಿನ ಊರುಗಳ ಅರ್ಧ ಜನ ನನಗೆ ಗೊತ್ತು. ಅವರಿಗೆ ಮಾತ್ರ ನಾನು ಗೊತ್ತಿಲ್ಲ. ಒಮ್ಮೆ ಸಂತೆಕಲ್ಲೂರಿಗೆ ಹೋಗುವ ಟಂಟಂನಲ್ಲಿ ಎದುರಿಗೆ ಕುಳಿತ ಹಿರಿಯರೊಬ್ಬರನ್ನು ಕಂಡದ್ದೇ ನನ್ನ ಬಾಯಿ ತಾನಾಗಿ ತೆರೆಯಿತು. "ಯಜಮಾನ್ರ, ಸೊಂಟ ಈಗ ಹೆಂಗೈತ್ರೀ?" ಎಂದು ಕೇಳಿಬಿಟ್ಟೆ. ಅವರು ಅಣ್ಣನ ಮಗನ ಮೆರವಣಿಗೆಯಲ್ಲಿ ಕುಣಿದು, ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದೆನೋ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಾರವ್ವ ನೀ? ಡಾಕ್ಟರೇನು?" ಎಂದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಿಕ್ಸಿಂಗ್ ಎಂದರೇನೆಂದು ವಿವರಿಸಲು ಹೋದೆ. ಟಂಟಂ ತುಂಬ ನಗು ತುಂಬಿಕೊಂಡಿತು. ನಾನು ಊರು ಬರುವ ಮೊದಲೇ ಇಳಿದು ನಡೆದುಕೊಂಡು ಹೋದೆ.

ಅವರನ್ನೆಲ್ಲ ನಾನು ಬಲ್ಲದ್ದು ಮೂಕರನ್ನಾಗಿ. ಮಿಕ್ಸಿಂಗಿಗೆ ಕುಳಿತವರು ಮೊದಲು ಮಾಡುವುದೇ ವಿಡಿಯೊದ ಸದ್ದು ಬಂದ್ ಮಾಡುವುದು. ಬಾಜಾ ಬಜಂತ್ರಿ, ಮೈಕಿನ ಕಿರಿಚಾಟ, ಕೂಸುಗಳ ಅಳು, "ಸಾರು ಯಾರಿಗ್ರೀ, ಸಾರು" ಎಂಬ ಕೂಗು, ಇವನ್ನೆಲ್ಲ ದಿನವಿಡೀ ಕೇಳುತ್ತ ಕುಳಿತರೆ ತಲೆ ಕೆಟ್ಟು ಮಜ್ಜಿಗೆಯಾಗುತ್ತದೆ. ಹೇಗೂ ಮೇಲೆ ಹಾಡು ಬರುತ್ತದಲ್ಲ. ಹಾಗಾಗಿ ಅವರು ಬಾಯಿ ಆಡಿಸುವುದು ನನಗೆ ಗೊತ್ತು, ಆಡಿದ ಮಾತು ಗೊತ್ತಿಲ್ಲ.

ಈ ಭಾರವನ್ನೆಲ್ಲ ಎಳೆಯುವ ಎತ್ತು ಎಂದರೆ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ಇಟ್ಟಿಗೆಯಷ್ಟು ದಪ್ಪ, ಕೆಳಮುಖವಾಗಿ ಎರಡು ಫ್ಯಾನು. ಈಗಿನ ಕ್ಯಾಮೆರಾಗಳು ತೆಗೆಯುವ ಚಿತ್ರ ಎಷ್ಟು ತೂಕದ್ದೆಂದರೆ, ಈ ಕಾರ್ಡು ಇಲ್ಲದಿದ್ದರೆ ಪರದೆಯ ಮೇಲೆ ಮದುಮಗಳು ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡುವುದರೊಳಗೆ ನೀವು ಹೋಗಿ ಅನ್ನಕ್ಕಿಟ್ಟು ಬರಬಹುದು. ಬೆಂಡೋಲೆ ಮಾಡಿಸಿಕೊಳ್ಳಲೆಂದು ಕೂಡಿಟ್ಟಿದ್ದರಲ್ಲಿ ನಾನು ಇದನ್ನು ತಂದೆ. ಅವ್ವ ನನ್ನ ಬರಿಗಿವಿ ನೋಡಿ ಬೇಜಾರು ಮಾಡಿಕೊಂಡಾಗ, "ಇದು ಬಂಗಾರಕ್ಕಿಂತ ತುಟ್ಟಿ ಯವ್ವಾ. ನನ್ನ ಬೆಂಡೋಲಿ ಇದರಾಗೇ ಅದಾವ ಅಂತ ತಿಳ್ಕೊ" ಎಂದಿದ್ದೆ. ದೊಡ್ಡ ಮಾತಾಡಿದೆನೆಂದು ಆಗ ಹೆಮ್ಮೆಯೂ ಆಗಿತ್ತು.

ದೀಪಾವಳಿ ಕಳೆದು ಮದುವೆಗಳು ಶುರುವಾದವು. ಸಿಂಧನೂರಿನ ರಫೀಕಣ್ಣ ನನಗೆ ಹೆಚ್ಚು ಕೆಲಸ ಕೊಡುವ ಸ್ಟುಡಿಯೊದವನು. ಕ್ಯಾಮೆರಾ ಹೆಗಲಿಗೇರಿಸಿದರೆ ಊಟ ಮರೆಯುವ ಮನುಷ್ಯ. ಅವನು ದಢೇಸುಗೂರಿನ ರೇಣುಕಾ ಎಂಬ ಹುಡುಗಿಯ ಮದುವೆ ವಿಡಿಯೊ ತಂದುಕೊಟ್ಟ. ಕೊಡುವಾಗ ಮೆಟ್ಟಿಲ ಮೇಲೇ ನಿಂತು ಹೇಳಿದ.

"ಸುಮಕ್ಕ, ಇದನ್ನ ಜರಾ ಜಲ್ದಿ ಮಾಡಿಕೊಡ್ರಿ. ಹುಡುಗಿನ ಸಣ್ಣಾಕಿದ್ದಾಗಿಂದ ಸಾಕಿದ್ದು ಆಕಿ ಅಜ್ಜಿ, ಸಿದ್ದಮ್ಮ ಅಂತ. ಮದುವಿ ಮುಂದ ಕಾಲುವಿ ಪಾವಟಿಗಿ ಮ್ಯಾಲೆ ಜಾರಿ ಬಿದ್ದು ತೊಡಿ ಎಲುಬು ಮುರ್ಕೊಂಡಾಳ. ಸಿಂಧನೂರಿನ್ಯಾಗ ಮದುವಿ ಆಗಾಕತ್ತಿದ್ರ ಆಕಿ ಮನ್ಯಾಗ ಹಾಸಿಗಿ ಹಿಡಿದು ಮಲಗಿದ್ಲು. ಈಗ ಒಂದೇ ಜಪ, ಮದುವಿ ತೋರಿಸ್ರಿ ಅಂತ. ಊಟನೂ ಸರಿಯಾಗಿ ಮಾಡವಲ್ಲಳಂತ್ರೀ."

"ಫೋನಿನ್ಯಾಗ ತೋರಿಸಬೇಕಿಲ್ರೀ?"

"ತೋರಿಸ್ಯಾರ. ಇರುವಿ ಸಾಲು ಹೋದಂಗ ಕಾಣ್ತೈತಿ ಅಂತಾಳ. ಕಣ್ಣು ಮಂಜು. ಟೀವಿಯಾಗ ದೊಡ್ಡದಾಗಿ ಹಾಕಬೇಕು."

"ಡಾಕ್ಟರ್ ಏನಂತಾರ?"

"ವಯಸ್ಸಾಗೈತಿ ಅಂತಾರ. ಡಾಕ್ಟರು ವಯಸ್ಸಿನ ಮಾತು ತೆಗೆದ್ರಂದ್ರ ಏನು ಅಂತ ನಿಮಗ ಗೊತ್ತಲ್ಲ."

ಗೊತ್ತಿತ್ತು. ಒಂದು ವಾರದಲ್ಲಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಟ್ಟ ಗಳಿಗೆಯಿಂದಲೇ ದಿನ ಎಣಿಸತೊಡಗಿದೆ. ಚಿಂತೆ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಬಸ್ಸು ಹತ್ತಿ ಕುಳಿತ ಮೇಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಇಳಿದು ಮನೆಗೆ ಓಡಿಬಂದವಳು ನಾನು. ಬಂದು ನೋಡಿದರೆ ಅಂದು ಸಿಲಿಂಡರು ಖಾಲಿಯಾಗಿ ಚಹಾವನ್ನೂ ಪಕ್ಕದ ಮನೆಯಿಂದ ತರಿಸಿದ್ದೆವು. ಹುಟ್ಟುಗುಣ ಸುಟ್ಟರೂ ಹೋಗದು.

ಕೆಲಸ ಚೆನ್ನಾಗಿಯೇ ಸಾಗಿತ್ತು. ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೆ ರೇಣುಕಾ ತಲೆ ತಗ್ಗಿಸಿ ಕುಳಿತು, ಪಕ್ಕದಲ್ಲಿದ್ದ ತಾಯಿಯ ಕಡೆಗೆ ತಿರುಗಿ ಏನೋ ಹೇಳುವ ಒಂದು ತುಣುಕಿತ್ತು. ತುಟಿ ಅದುರಿದಂತೆ, ಕಣ್ಣು ತುಂಬಿದಂತೆ. ನಾಚಿಕೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು ಎಂದು ಅದನ್ನು ನಿಧಾನಗತಿಗೆ ಹಾಕಿ, ಕೊಳಲಿನ ಧ್ವನಿ ಕೂಡಿಸಿ, ಪಕಳೆ ಉದುರಿಸಲು ಗುಂಡಿ ಒತ್ತಿದೆ. ಪರದೆಯ ತುಂಬ ಇಳಕಲ್ ಸೀರೆಯ ದಡಿಯಂತೆ ಬಣ್ಣದ ಪಟ್ಟಿಗಳು ಎದ್ದವು. ಆಮೇಲೆ ಹಸಿರು ಚೌಕ, ಆಮೇಲೆ ಕತ್ತಲೆ. ರೇಣುಕಾ, ಆಕೆಯ ತಾಯಿ, ಬೀಗರು, ಭಟ್ಟರು ಎಲ್ಲರೂ ಒಟ್ಟಿಗೆ ಮುಳುಗಿದರು.

ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಬಂದ್ ಮಾಡಿ ಚಾಲೂ ಮಾಡಿದೆ, ತಂತಿ ಕಿತ್ತು ಸಿಕ್ಕಿಸಿದೆ, ಮನೆದೇವರನ್ನು ನೆನೆದೆ. ಏನೂ ಆಗಲಿಲ್ಲ. ಫೋನಿನಲ್ಲಿ ರಫೀಕಣ್ಣ ಮಾತ್ರ ತಣ್ಣಗಿದ್ದ. "ವಾರಂಟಿ ಐತಲ್ರೀ? ಹೊಸಾದು ಕೊಡ್ತಾರ. ಫಿಕರ್ ಯಾಕ ಮಾಡ್ತೀರಿ?" ಎಂದ. ಹೌದಲ್ಲ, ವಾರಂಟಿ ಇದೆ! ನನಗೆ ಒಂದು ಗುಟುಕು ನೀರು ಕುಡಿದಷ್ಟು ಸಮಾಧಾನವಾಯಿತು. ಡಬ್ಬಿಯ ಬಾಗಿಲು ಬಿಚ್ಚಿ, ಕಾರ್ಡು ಕಳಚಿ ಬೆಳಕಿಗೆ ಹಿಡಿದೆ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ, ಅದರ ಹಿಂದಿನ ತಗಡಿನ ಹಲ್ಲುಗಳ ನಡುವೆ, ಒಣಗಿದ ಪುಟ್ಟ ಪುಟ್ಟ ಎಲೆಗಳು. ಡಬ್ಬಿಯ ತಳದಲ್ಲಿ ಒಂದು ಬೋಳು ಕಡ್ಡಿ.

"ಯವ್ವಾ, ಇಲ್ಲಿ ಬಾ. ಏನಿದು?"

ಅವ್ವ ಕನ್ನಡಕ ಏರಿಸಿ ನೋಡಿದಳು. "ಬನ್ನಿ. ದಸರಾಕ ಇಟ್ಟಿದ್ದೆ."

"ಇದರಾಗ ಯಾಕ ಇಟ್ಟಿ?"

"ಮನ್ಯಾಗ ಬಂಗಾರ ಎಲ್ಲಿರ್ತೈತಿ ಅಲ್ಲಿ ಬನ್ನಿ ಇಡಬೇಕು. ನಿನ್ನ ಬೆಂಡೋಲಿ ಇದರಾಗೇ ಅದಾವ ಅಂತ ನೀನೇ ಹೇಳಿದ್ದಿ. ಮತ್ತೆಲ್ಲಿ ಇಡ್ಲಿ?"

ಮಹಾನವಮಿಯ ಪೂಜೆಗೆಂದು ಡಬ್ಬಿಯ ಬಾಗಿಲು ಬಿಚ್ಚಿ ಧೂಳು ಹೊಡೆದವಳು ನಾನೇ. ಮಾರನೆಯ ದಿನ ಅದನ್ನು ಮುಚ್ಚುವ ಮೊದಲು ಅವ್ವ ತನ್ನ ಕೆಲಸ ಮುಗಿಸಿದ್ದಳು. ಬನ್ನಿ ಒಣಗಿ ಉದುರಿ, ಕೆಳಗಿನಿಂದ ಗಾಳಿ ಎಳೆಯುವ ಫ್ಯಾನು ಒಂದೊಂದೇ ಎಲೆಯನ್ನು ಮೇಲಕ್ಕೆ ಎಳೆದುಕೊಂಡಿತ್ತು. ಅದರಿಂದಲೇ ಕಾರ್ಡು ಸತ್ತಿತೋ, ತನ್ನಷ್ಟಕ್ಕೆ ತಾನೇ ಸತ್ತಿತೋ, ಹೇಳುವವರು ಯಾರು?

ಸಿಟ್ಟು ಬಂತು. ಆದರೆ ಅರ್ಧ ದಾರಿಯಲ್ಲೇ ನಿಂತಿತು. ಏಕೆಂದರೆ ಸಂತೆಕಲ್ಲೂರಿನ ಅಜ್ಜಿಯ ಮನೆಯಲ್ಲಿ ನನ್ನ ಚಿಕ್ಕಂದಿನ ಎಲ್ಲ ದಸರೆಗಳೂ ಹೀಗೇ ಕಳೆದವು. ಸಂಜೆಗೆ ಗಂಡಸರು ಬನ್ನಿ ಮುಡಿದು ಬಂದರೆ ಮಕ್ಕಳಿಗೆ ಹಬ್ಬವೋ ಹಬ್ಬ. ಲಂಗದ ಉಡಿಯಲ್ಲಿ ಎಲೆ ತುಂಬಿಕೊಂಡು ಮನೆಮನೆಗೆ ಓಡಿ, ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವುದು. ಬೆಳಿಗ್ಗೆ ಜಗಳಾಡಿದ್ದವರ ಮನೆಗೂ ಸಂಜೆ ಹೋಗಲೇಬೇಕು. ನನಗೆ ಆಗಲೂ ಚಿಂತೆ: ನಾನು ಕೊಟ್ಟ ಎಲೆ ಹುಳ ತಿಂದದ್ದಾಗಿದ್ದರೆ ಅವರು ಬಂಗಾರದಂತಿರುವುದು ಹೇಗೆ? ಬಂದ ಬನ್ನಿಯನ್ನೆಲ್ಲ ಅವ್ವ ಜೋಳದ ಚೀಲದಲ್ಲಿ, ಟ್ರಂಕಿನಲ್ಲಿ, ನನ್ನ ಪಾಟಿಚೀಲದಲ್ಲಿ ಇಡುತ್ತಿದ್ದಳು. ಒಂದು ವರ್ಷ ಮಾವನ ಹೊಸ ಟ್ರಾನ್ಸಿಸ್ಟರಿನ ಸೆಲ್ಲು ಹಾಕುವ ಜಾಗದಲ್ಲೂ ಇಟ್ಟಳು. ಮುಂದಿನ ದಸರೆಯವರೆಗೂ ಆ ರೇಡಿಯೊ ಗಂಟಲಿಗೆ ಸಿಕ್ಕಿಕೊಂಡವರಂತೆ ವಾರ್ತೆ ಓದಿತು. ಮಾವ ಅದರ ನೆತ್ತಿಗೆ ಬಡಿಯುತ್ತಿದ್ದನೇ ಹೊರತು ಬನ್ನಿ ತೆಗೆಯೆಂದು ಒಮ್ಮೆಯೂ ಹೇಳಲಿಲ್ಲ.

ಕಾರ್ಡನ್ನು ಹಾಗೇ ಕಳಿಸಿದರೆ ಎಲೆ ಕಂಡು ಕಂಪನಿಯವರು ತಿರಸ್ಕರಿಸುತ್ತಾರೆ. ಬಿಚ್ಚಿ ಸ್ವಚ್ಛ ಮಾಡೋಣವೆಂದರೆ ಸ್ಕ್ರೂ ಮೇಲೆ ಪುಟ್ಟ ಸ್ಟಿಕ್ಕರು. ಅದು ಹರಿದರೆ ವಾರಂಟಿಯೂ ಹರಿಯಿತು. ಸೂಜಿ ತೆಗೆದುಕೊಂಡು, ಹಲ್ಲಿನ ಸಂದಿಯ ಸೊಪ್ಪು ತೆಗೆದಂತೆ ಒಂದೊಂದೇ ಎಲೆ ಹೊರಗೆಳೆದೆ. ಅವ್ವ ಎದುರಿಗೆ ತಾಟು ಹಿಡಿದು ಕುಳಿತು, "ನೆಲಕ್ಕ ಬೀಳಿಸಬ್ಯಾಡಬೇ, ಬನ್ನಿ ತುಳಿಬಾರ್ದು" ಎಂದು ಪ್ರತಿ ಎಲೆಯನ್ನೂ ಭಕ್ತಿಯಿಂದ ಹಿಡಿದುಕೊಂಡಳು. ಎಲ್ಲವೂ ಬಂದವು, ಒಂದನ್ನು ಬಿಟ್ಟು. ತಗಡಿನ ಹಲ್ಲುಗಳ ಆಳದಲ್ಲಿ ಅದು ಸಿಕ್ಕಿಕೊಂಡಿತ್ತು. ಕೆದಕಿದಷ್ಟೂ ಒಳಗೆ ಹೋಯಿತು.

ಲಿಂಗಸುಗೂರಿನಲ್ಲಿ ಕಾರ್ಡು ಕೊಂಡ ಅಂಗಡಿಯ ಮಹಾಂತೇಶನಿಗೆ ಫೋನು ಮಾಡಿದರೆ, ಮೂಲ ಡಬ್ಬಿಯಲ್ಲೇ ಹಾಕಿ ತನ್ನಿರಿ ಎಂದ. ಆ ಡಬ್ಬಿ ಅಡುಗೆಮನೆಯಲ್ಲಿತ್ತು. ಗಟ್ಟಿ ರಟ್ಟು, ಒಳಗೆ ಮೆತ್ತನೆಯ ಹಾಸು. ಇಂಥದ್ದನ್ನು ಅವ್ವ ಬಿಡುವಳೇ? ಬಳ್ಳೊಳ್ಳಿ ತುಂಬಿಟ್ಟಿದ್ದಳು. ಸಿಪ್ಪೆ ಝಾಡಿಸಿ, ಬಿಸಿಲಿಗಿಟ್ಟು, ಪೌಡರು ಹಾಕಿ ಒರೆಸಿ, ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಕ್ಕದ ಹೆಂಗಸು ನನ್ನ ಉಡಿಯ ಕಡೆಗೆ ಮೂಗು ತಿರುಗಿಸುತ್ತಲೇ ಇದ್ದಳು.

ಮಹಾಂತೇಶ ಡಬ್ಬಿ ತೆರೆದವನೇ ಹಿಂದಕ್ಕೆ ಸರಿದ. "ಮೇಡಂ, ಒಗ್ಗರಣಿ ಹಾಕಿದಂಗ ವಾಸನಿ ಬರಾಕತ್ತೈತಲ್ರೀ?"

"ಸುಟ್ಟ ವಾಸನಿ ಇರಬೇಕ್ರೀ" ಎಂದೆ.

ಅವನು ಮೊಬೈಲಿನ ಬೆಳಕು ಬಿಟ್ಟು ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿದ. ಅವನು ತಿರುಗಿಸಿದ ಕಡೆಗೆಲ್ಲ ನನ್ನ ಕತ್ತೂ ತಿರುಗಿತು. "ಸ್ಟಿಕ್ಕರ್ ಹರದಿಲ್ಲ. ಛಲೋ ಆತು. ಬೆಂಗಳೂರಿಗೆ ಕಳಸ್ತೀನಿ. ಕಂಪನಿಯವ್ರು ಬಿಚ್ಚಿ ನೋಡ್ತಾರ. ಒಳಗ ನೀರು ಹೋಗಿದ್ರ, ಇಲಿ ಕಡದಿದ್ರ, ಕಸ ಇದ್ರ ಹೊಳ್ಳಿ ಕಳಸಿಬಿಡ್ತಾರ ನೋಡ್ರಿ."

"ಕಸ ಅಂದ್ರ ಎಂಥಾದು?"

"ಹೊರಗಿಂದು ಏನಿದ್ರೂ ಕಸನ ಅಲ್ರೀ."

"ಎಲಿ ಗಿಲಿ?"

ಅವನು ತಲೆಯೆತ್ತಿದ. "ಯಾವ ಎಲಿ?"

"ಏನಿಲ್ಲ, ಸುಮ್ನ ಕೇಳಿದೆ" ಎಂದು ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನಂತೂ ಯಾರೂ ಕಳ್ಳಿ ಎನ್ನುವ ಮೊದಲೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ.

ಮರಳುವ ಬಸ್ಸಿನಲ್ಲಿ ಅಜ್ಜಿಯ ಗಡಿಗೆ ನೆನಪಾಯಿತು. ನಮ್ಮ ಸಂತೆಯಲ್ಲಿ ಗಡಿಗೆ ಮಾರಲು ಬರುವ ಒಬ್ಬಾಕೆ ಇದ್ದಳು. ಬೆರಳ ಗೆಣ್ಣಿನಿಂದ ಟಣ್ಣೆಂದು ಬಡಿದು ತೋರಿಸಿ, "ಒಡದ್ರ ಹೊಳ್ಳಿ ತಗೊಂಬಾ" ಎನ್ನುತ್ತಿದ್ದಳು. ಅದೇ ಆಗಿನ ವಾರಂಟಿ. ಒಮ್ಮೆ ಅಜ್ಜಿ ಹಳೆ ಸೀರೆಯಲ್ಲಿ ಗಡಿಗೆಯ ಚೂರುಗಳನ್ನೆಲ್ಲ ಕಟ್ಟಿಕೊಂಡು, ನನ್ನ ಕೈಹಿಡಿದು ಸಂತೆಗೆ ಹೋದಳು. ಗಡಿಗೆಯಾಕೆ ಚೂರುಗಳನ್ನು ನೆಲಕ್ಕೆ ಹರವಿ ನೋಡಿ, "ಒಲಿ ಮ್ಯಾಲೆ ಒಡೀತೋ, ಕೈಯಾಗಿಂದ ಬಿತ್ತೋ?" ಎಂದು ಕೇಳಿದಳು. ನಾನು ಅಜ್ಜಿಯ ಮುಖ ನೋಡಿದೆ. ಒಲೆಯ ಮೇಲೆ ಎಂದುಬಿಡು, ಒಲೆಯ ಮೇಲೆ ಎಂದುಬಿಡು ಎಂದು ಒಳಗೇ ಬೇಡಿಕೊಂಡೆ. "ಸೊಸಿ ಕೈಯಾಗಿಂದ ಬಿತ್ತು" ಎಂದಳು ಅಜ್ಜಿ. ಆಕೆ ಗೊಳ್ಳೆಂದು ನಕ್ಕು, "ಖರೆ ಹೇಳಿದಿ ತಗೋ" ಎಂದು ಇನ್ನೊಂದು ಗಡಿಗೆ ಕೊಟ್ಟಳು. ಬೆಂಗಳೂರಿನವರು ಕೇಳಿದರೆ ನಾನು ಏನು ಹೇಳಲಿ ಎಂದು ಮಸ್ಕಿ ಬರುವವರೆಗೂ ಯೋಚಿಸಿದೆ.

ಆಮೇಲೆ ಕಾಯುವುದು. ಫೋನಿನಲ್ಲಿ ಕಂಪನಿಯ ಸಂದೇಶ ನೋಡುವುದೇ ಉದ್ಯೋಗ. 'ತಲುಪಿದೆ' ಎಂದಿತು. 'ತಪಾಸಣೆಯಲ್ಲಿದೆ' ಎಂದಿತು. ಮರುದಿನವೂ ತಪಾಸಣೆಯಲ್ಲಿದೆ, ಅದರ ಮರುದಿನವೂ ತಪಾಸಣೆಯಲ್ಲಿದೆ. ಅಷ್ಟೊಂದು ತಪಾಸಣೆ ಮಾಡಲು ಅದರಲ್ಲಿ ಇರುವುದಾದರೂ ಏನು, ಆ ಒಂದು ಎಲೆಯ ಹೊರತು? ಕಣ್ಣು ಮುಚ್ಚಿದರೆ ಬಿಳಿ ಕೋಟಿನವರು ಸುತ್ತ ನಿಂತು ಚಿಮಟಿಗೆಯಲ್ಲಿ ಬನ್ನಿ ಎಲೆ ಎತ್ತಿ ಹಿಡಿದಂತೆ ಕಾಣುತ್ತಿತ್ತು. ಬೇರೆ ಯಾರ ಹತ್ತಿರವಾದರೂ ಮಿಕ್ಸಿಂಗ್ ಮಾಡಿಸೋಣವೆಂದರೆ ಮದುವೆ ಕಾಲ, ಯಾರ ಕೈಯೂ ಖಾಲಿಯಿಲ್ಲ.

ಕೊಟ್ಟ ವಾರ ಕಳೆಯಿತು. ರೇಣುಕಾಳ ಅಪ್ಪ ಬಸವರಾಜ ಫೋನು ಮಾಡಿದರು. ನಾನು ಕಾರ್ಡು ಕೆಟ್ಟ ಸುದ್ದಿ ಹೇಳಿದೆ.

"ಅಂದ್ರ ನಮ್ಮ ಮದುವಿ ಅದರಾಗ ಹೋತೇನ್ರೀ?"

"ಇಲ್ರೀ, ಇಲ್ಲ. ಮದುವಿ ಬ್ಯಾರೆ ಕಡೆ ಭದ್ರ ಐತಿ. ಅದನ್ನ ಓಡಸೋದು ಕೆಟ್ಟೈತಿ ಅಷ್ಟ."

"ಏನರ ಮಾಡ್ರಿ ಮೇಡಂ. ನಮ್ಮವ್ವ ದಿನಾ ಬಾಗ್ಲ ಕಡೆ ನೋಡ್ತಾಳ. ನಿನ್ನಿಯಿಂದ ಗಂಜಿನೂ ಒಲ್ಲೆ ಅನ್ನಾಕತ್ತಾಳ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದೇ ದಿನ ಮಧ್ಯಾಹ್ನ ಬೆಂಗಳೂರಿನ ಫೋನು ಬಂತು. ಬಹಳ ನಯವಾದ ಹೆಣ್ಣುದನಿ. "ಮೇಡಂ, ನಿಮ್ಮ ಕಾರ್ಡ್ ಓಪನ್ ಮಾಡಿದ್ವಿ. ಒಳಗಡೆ ಒಂದು ಎಲೆ ತರ ಏನೋ ಇದೆ. ಅದು ಹೇಗೆ ಬಂತು ಅಂತ ಹೇಳ್ತೀರಾ?"

ಕಿಟಕಿಯಿಂದ ಬಂದಿರಬೇಕು ಎನ್ನಲೇ? ಗಾಳಿಗೆ ಎನ್ನಲೇ? ನಮ್ಮ ಓಣಿಯಲ್ಲಿ ಒಂದೂ ಗಿಡವಿಲ್ಲ. ಫೋನಿನ ಸದ್ದು ದೊಡ್ಡದಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವ್ವನಿಗೂ ಕೇಳಿಸಿತ್ತು.

"ಬನ್ನಿ ಅನ್ನಬೇ ಸುಮಾ, ಬನ್ನಿ! ದಸರಾಕ ನಮ್ಮವ್ವ ಇಟ್ಟಿದ್ಲು ಅನ್ನು. ಕದ್ದಿದ್ದಲ್ಲ ಏನಲ್ಲ, ಯಾಕ ಬಾಯಿ ಮುಚ್ಕೊಂಡು ನಿಂತಿ?" ಎಂದು ಕೂಗಿದಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಹೌದ್ರೀ. ದಸರಾ ಹಬ್ಬಕ್ಕ ನಮ್ಮ ತಾಯಿ ಪೂಜಾ ಮಾಡಿ ಬನ್ನಿ ಪತ್ರಿ ಇಟ್ಟಿದ್ರು" ಎಂದೆ.

"ಓಕೆ ಮೇಡಂ, ನೋಟ್ ಮಾಡ್ಕೊಂಡಿದೀನಿ" ಎಂದಳಾಕೆ. ಅದರರ್ಥ ಕೊಡುತ್ತಾರೆಂದೋ ಇಲ್ಲವೆಂದೋ? ಅಡ್ಡಗೋಡೆಯ ಮೇಲೆ ದೀಪವಿಟ್ಟು ಫೋನು ಇಟ್ಟುಬಿಟ್ಟಳು. ನಾನು ಅವ್ವನ ಕಡೆ ನೋಡಿದೆ. ಆಕೆ ನಿಶ್ಚಿಂತೆಯಿಂದ ಇನ್ನೊಂದು ಮೆಣಸಿನಕಾಯಿಯ ತೊಟ್ಟು ಮುರಿದಳು.

ಕಾರ್ಡು ಬರಲಿ ಬಿಡಲಿ, ಆ ಗಂಜಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಸಂಜೆ ರಫೀಕಣ್ಣನಿಗೆ ಫೋನು ಮಾಡಿ, ಮಿಕ್ಸಿಂಗ್ ಆಗದ ವಿಡಿಯೊವನ್ನೇ ಒಯ್ದು ಸಿದ್ದಮ್ಮನಿಗೆ ತೋರಿಸುತ್ತೇನೆ ಎಂದೆ.

ನಮ್ಮ ಕಸುಬಿನಲ್ಲಿ ಇದು ಅಪರಾಧ. ಹಸಿ ವಿಡಿಯೊ ಮದುವೆ ಮನೆಯವರ ಕಣ್ಣಿಗೆ ಬೀಳಬಾರದು. ಅದರಲ್ಲಿ ಕ್ಯಾಮೆರಾ ಅಲುಗಾಡಿದ್ದು, ಬೀಗಿತ್ತಿ ಆಕಳಿಸಿದ್ದು, ಭಟ್ಟರು ಮಂತ್ರದ ನಡುವೆ ಫೋನೆತ್ತಿದ್ದು ಎಲ್ಲವೂ ಇರುತ್ತದೆ.

"ತೋಬಾ! ಹಸೀ ಮಾಲು ತೋರಿಸಿದ್ರ ಧಂದೆ ಹೋತು ಅಂತ ನಮ್ಮ ಉಸ್ತಾದ್ ಹೇಳ್ತಿದ್ದ್ರು, ಸುಮಕ್ಕ."

"ಆಕಿ ಗಂಜಿ ಬಿಟ್ಟಾಳ, ರಫೀಕಣ್ಣ."

"ಹಂಗಾದ್ರ ಕೊಡಬ್ಯಾಡ್ರಿ, ತೋರಿಸ್ರಿ. ಪೆನ್‌ಡ್ರೈವ್ ಕೈಯಾಗ ಹಿಡ್ಕೊಂಡು ಹೋಗ್ರಿ, ಕೈಯಾಗ ಹಿಡ್ಕೊಂಡು ಬರ್ರಿ. ನನಗ ಮಾನ್ವಿ ಕಡೆ ಮದುವಿ ಐತಿ, ಬರಾಕ ಆಗಂಗಿಲ್ಲ" ಎಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಮ್ಮಿಸಿ ಕೆಮ್ಮಿಸಿ ವಿಡಿಯೊಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ.

ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ನೆಲ್ಲು ಕೊಯ್ದ ಗದ್ದೆಗಳನ್ನು ದಾಟಿ ದಢೇಸುಗೂರಿಗೆ ಹೋಗುವಾಗ ನನಗೆ ಹೊಸ ಚಿಂತೆ ಹತ್ತಿತು. ಈ ವಿಡಿಯೊದಲ್ಲಿ ಸದ್ದು ಇದೆ. ಅದನ್ನು ನಾನೂ ಕೇಳಿಲ್ಲ. ಮದುವೆಯಲ್ಲಿ ಯಾರಾದರೂ ಆ ಮುದುಕಿಯ ಬಗ್ಗೆ ಕೆಟ್ಟ ಮಾತಾಡಿದ್ದರೆ? ಮುದುಕಿ ಮದುವೆಯ ಮುಂದೆಯೇ ಬಿದ್ದಳು, ಅಪಶಕುನ ಎಂದು ಯಾರಾದರೂ ಅಂದಿದ್ದರೆ? ಕಣ್ಣು ಮಂಜಾದವರ ಕಿವಿ ಚುರುಕು. ಬಸ್ಸಿಳಿದು ವಾಪಸ್ ಹೋಗಿಬಿಡಲೇ ಎನ್ನಿಸಿತು.

ಸಿದ್ದಮ್ಮನ ಮಂಚವನ್ನು ಟೀವಿಯ ಎದುರಿಗೆ ಹಾಕಿದ್ದರು. ಹಿಡಿಯಷ್ಟು ಜೀವ. ಬಸವರಾಜ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ರೇಣುಕಾಳ ತಾಯಿ ಕಾಲ ಬಳಿ ಕುಳಿತಳು. "ಬಂದ್ಯಾ ತಂಗಿ, ಹಾಕು ಹಾಕು" ಎಂದಳು ಮುದುಕಿ, ನಾನು ನೀರು ಕುಡಿಯುವುದಕ್ಕೂ ಬಿಡದೆ.

ಮದುವೆ ಮನೆಯ ಗದ್ದಲ ಒಮ್ಮೆಲೇ ಆ ಕೋಣೆಗೆ ನುಗ್ಗಿತು. ನಾನು ರಿಮೋಟು ಹಿಡಿದು, ಕೆಟ್ಟ ಮಾತು ಬಂದರೆ ಸದ್ದು ಅಡಗಿಸಲು ಬೆರಳು ಗುಂಡಿಯ ಮೇಲಿಟ್ಟುಕೊಂಡೇ ನಿಂತಿದ್ದೆ. ಬೀಗರನ್ನು ಎದುರುಗೊಳ್ಳುವ ಹೊತ್ತಿನಲ್ಲಿ ಕ್ಯಾಮೆರಾದ ಹತ್ತಿರವೇ ಒಂದು ಹೆಣ್ಣುದನಿ, "ಸಿದ್ದಮ್ಮತ್ತಿ ಎಲ್ಲದಾಳ? ಕಾಣವಲ್ಲಳಲ್ಲ?" ಎಂದಿತು. ಇನ್ನೊಂದು, "ಕಾಲು ಮುರ್ಕೊಂಡಾಳಂತ" ಎಂದಿತು. "ಅಯ್ಯ ಶಿವನ, ಆಕಿ ಇಲ್ದ ಇದೆಂಥಾ ಮದುವಿ!"

ಮುದುಕಿ ಕತ್ತು ಮುಂದೆ ಮಾಡಿದಳು. "ಸಾಲಗುಂದದ ಈರಮ್ಮ ಅಲ್ಲ ಅದು?"

ಪಂಕ್ತಿಯ ಹತ್ತಿರ ಒಬ್ಬ ಗಂಡಸು, "ಮುದುಕಿ ಇದ್ದಿದ್ರ ಹಿಂಗ ಹೋಳಿಗಿ ಹಾಳ ಮಾಡಾಕ ಬಿಡ್ತಿದ್ದಿಲ್ಲ ನೋಡು, ಬಡಿಗಿ ತಗೊಂಡು ನಿಂದರ್ತಿದ್ಲು" ಎಂದ. ನಾನು ಗುಂಡಿ ಒತ್ತುವುದರೊಳಗೆ ಸಿದ್ದಮ್ಮ ಬೊಚ್ಚು ಬಾಯಿ ತೆರೆದು ನಕ್ಕಳು. ಯಾವ ಮೂಲೆಯಿಂದ ಯಾವ ದನಿ ಬಂದರೂ ಆಕೆಗೆ ಗೊತ್ತು. ಚಿತ್ರ ಕಂಡಿತೋ ಇಲ್ಲವೋ, ಆಕೆ ಮದುವೆಯ ತುಂಬ ಓಡಾಡುತ್ತಿದ್ದಳು. ನಾನು ಬೆರಳು ತೆಗೆದೆ.

ಆಮೇಲೆ ಅಕ್ಕಿಕಾಳಿನ ಹೊತ್ತು ಬಂತು. ರೇಣುಕಾ ತಲೆ ತಗ್ಗಿಸಿ, ತಾಯಿಯ ಕಡೆ ತಿರುಗುವ ಆ ತುಣುಕು. ನಾನು ನಾಚಿಕೆ ಎಂದುಕೊಂಡು ಕೊಳಲು ಹಾಕಿದ್ದ ಜಾಗ. ಬಾಜಾದ ನಡುವೆ ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳಿಸಿತು.

"ಯವ್ವಾ, ಅಜ್ಜಿಗೆ ಫೋನ್ ಹಚ್ಚಬೇ. ಬಾಜಾ ಸಪ್ಪಳನರ ಕೇಳ್ಲಿ ಆಕಿ."

"ಈಗ ಸುಮ್ಕಿರು, ಮುಹೂರ್ತ ಬಂತು" ಎಂದಿತು ತಾಯಿಯ ದನಿ. ಅಕ್ಕಿಕಾಳು ಬಿದ್ದವು. ಬಾಜಾ ಏರಿತು.

ಕಾಲ ಬಳಿ ಕುಳಿತಿದ್ದ ರೇಣುಕಾಳ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸವರಾಜ ಗೋಡೆಯ ಕಡೆ ನೋಡಿದರು. ಇಷ್ಟು ವರ್ಷ ಇಂಥ ಎಷ್ಟು ಮಾತುಗಳ ಮೇಲೆ ನಾನು ಹಾಡು ಹಾಕಿದ್ದೇನೋ.

ಸಿದ್ದಮ್ಮ ದಿಂಬಿನ ಪಕ್ಕದಲ್ಲಿದ್ದ ಹಳೆಯ ಗುಂಡಿ ಫೋನನ್ನು ಕೈಯಿಂದ ತಡವಿದಳು. "ಅವತ್ತು ಇದನ್ನ ಎದಿ ಮ್ಯಾಲೆ ಇಟ್ಕೊಂಡು ಮಲಗಿದ್ದೆ ತಂಗಿ. ನನ್ನ ಮೊಮ್ಮಗಳು ಮರೆಯಂಗಿಲ್ಲ, ಫೋನ್ ಬಂದೇ ಬರ್ತೈತಿ ಅಂತ. ಬರ್ಲಿಲ್ಲ." ಕಣ್ಣು ಒರೆಸಿಕೊಂಡಳು. "ಈಗ ಬಂತು ನೋಡು. ಹಿಂದಕ ಹಾಕು, ಇನ್ನೊಮ್ಮಿ ಕೇಳ್ತೀನಿ."

ಹಿಂದಕ್ಕೆ ಹಾಕಿದೆ. ಮತ್ತೆ ಹಾಕಿದೆ. ನಡುವೆ ಸೊಸೆ ತಂದ ಗಂಜಿಯನ್ನು ಮುದುಕಿ ಟೀವಿಯಿಂದ ಕಿವಿ ತೆಗೆಯದೆ ಕುಡಿದಳು. ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದು ವಾಪಸ್ ತರಬೇಕೆಂಬ ರಫೀಕಣ್ಣನ ಮಾತು ನೆನಪಿತ್ತು. ತರಲಿಲ್ಲ.

ಕಾರ್ಡು ಬಂತು. ಹೊಸದು, ಸೀಲು ಒಡೆಯದ ಡಬ್ಬಿ. ಬನ್ನಿಯ ವಿಷಯ ಯಾರೂ ಎತ್ತಲಿಲ್ಲ. ಯಾಕೆ ಕೊಟ್ಟರೆಂದು ಹೇಳಲೂ ಇಲ್ಲ. ತಪ್ಪಿ ಕೊಟ್ಟಿರಬಹುದೇ, ನಾಳೆ ವಾಪಸ್ ಕೇಳುತ್ತಾರೆಯೇ ಎಂದು ನಾನು ಒಂದು ದಿನ ಅದನ್ನು ಬಿಚ್ಚಲೇ ಇಲ್ಲ. "ಖರೆ ಹೇಳಿದ್ವಿ, ಕೊಟ್ರು. ಅದಕ್ಯಾಕ ಇಷ್ಟು ವಿಚಾರ?" ಎಂದಳು ಅವ್ವ, ಹೊಸ ಡಬ್ಬಿಯೊಳಗೆ ಬಳ್ಳೊಳ್ಳಿ ಎಷ್ಟು ಹಿಡಿಯುತ್ತದೆಂದು ಕಣ್ಣಲ್ಲೇ ಅಳೆಯುತ್ತ. ಫ್ಯಾನಿಗೆ ಕಿವಿ ಹಚ್ಚುವ ಚಟ ಶುರುವಾದದ್ದು ಅಂದಿನಿಂದ.

ಮೊದಲು ಮುಗಿಸಿದ್ದು ರೇಣುಕಾಳ ಮದುವೆಯನ್ನೇ. ಸದ್ದು ಬಂದ್ ಮಾಡದೆ, ತಲೆ ಕೆಟ್ಟರೆ ಕೆಡಲಿ ಎಂದು, ಮೊದಲಿನಿಂದ ಕೊನೆಯವರೆಗೆ ಕೇಳಿ ಕೇಳಿ ಮಾಡಿದೆ. ನೋಡಲು ಕಳಿಸಿದ ಸ್ವಲ್ಪ ಹೊತ್ತಿಗೆ ರಫೀಕಣ್ಣನ ಫೋನು ಬಂತು.

"ಸುಮಕ್ಕ, ಅಕ್ಕಿಕಾಳಿನ ಹತ್ರ ಹಾಡು ಹಾಕೋದು ಮರ್ತೀರಲ್ರೀ. ಪಕಳಿನೂ ಇಲ್ಲ."

"ಮರ್ತಿಲ್ಲ ರಫೀಕಣ್ಣ. ಸೌಂಡ್ ಹೆಚ್ಚಿಗಿ ಮಾಡಿ ಕೇಳ್ರಿ."

ಆ ಕಡೆಯಿಂದ ಬಾಜಾ ಕೇಳಿಸಿತು. ರೇಣುಕಾಳ ದನಿ ಕೇಳಿಸಿತು. ಬಾಜಾ ನಿಂತಿತು. ಅವನು ಹಿಂದಕ್ಕೆ ಹಾಕಿ ಇನ್ನೊಮ್ಮೆ ಕೇಳಿದ.

"ಕ್ಯಾಮೆರಾ ಹಿಡ್ಕೊಂಡು ಆಕಿ ಮುಂದ ನಾನೇ ನಿಂತಿದ್ನಲ್ರೀ" ಎಂದ ಕೊನೆಗೆ. "ನನ್ನ ಕಿಸೆದಾಗ ಫೋನಿತ್ತು."